ಬರಿದಾದ ಬೊಕ್ಕಸ, ರೈತನ ಕಾಲುಪಾಲು: ದತ್ತ ಮಂಡಲದ ಮನ್ರೋ ಸಾಹೇಬ

ಮಂತ್ರಾಲಯಕ್ಕೆ ಹೋಗಿ ಬಂದವರಿಗೆ ಮನ್ರೋ ಸಾಹೇಬರ ಹೆಸರು ಗೊತ್ತು. ಮಠದ ಗ್ರಾಮದ ಕಂದಾಯದ ವಿಚಾರಣೆಗೆ ಬಂದ ಬಿಳಿಯ ಕಲೆಕ್ಟರ್, ಬೂಟು ಟೋಪಿ ತೆಗೆದಿಟ್ಟು ಬೃಂದಾವನದ ಮುಂದೆ ನಿಂತಾಗ ರಾಯರು ಅವರೊಬ್ಬರಿಗೆ ಮಾತ್ರ ದರ್ಶನ ಕೊಟ್ಟು ಮಾತನಾಡಿದರು, ಆಮೇಲೆ ಗ್ರಾಮ ಮಠಕ್ಕೇ ಉಳಿಯಿತು ಎಂಬುದು ಭಕ್ತರ ನಂಬಿಕೆ. ಮದರಾಸಿನ ಗೆಜೆಟಿಯರ್‌ನಲ್ಲೂ ಈ ಕಥೆ ಸೇರಿದೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಕಥೆಯ ಬುಡದಲ್ಲಿರುವುದು ಕಂದಾಯದ ಪ್ರಶ್ನೆ. ಸರ್ಕಾರದ ಬೊಕ್ಕಸ ಬರಿದಾದಾಗ ಅದನ್ನು ತುಂಬಬೇಕಾದವರು ಯಾರು? ಸರ್ ಥಾಮಸ್ ಮನ್ರೋ ಅವರ ಬದುಕಿನ ಬಹುಭಾಗ ಈ ಒಂದು ಪ್ರಶ್ನೆಯ ಸುತ್ತಲೇ ಕಳೆಯಿತು.

ಸಾಲಗಾರ ಮನೆಯ ಹುಡುಗ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದೊಡನೆ ತಂಬಾಕಿನ ವ್ಯಾಪಾರ ನಡೆಸುತ್ತಿದ್ದವರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ವ್ಯಾಪಾರ ಮುಳುಗಿತು, ಮನೆತನ ಕಷ್ಟಕ್ಕೆ ಬಿತ್ತು. ಎಲ್ಲೋ ನಡೆದ ಯುದ್ಧದ ಖರ್ಚು ಹೇಗೆ ಮನೆಯ ಅನ್ನದ ತಟ್ಟೆಗೆ ಬರುತ್ತದೆ ಎಂಬುದನ್ನು ಮಗ ಚಿಕ್ಕ ವಯಸ್ಸಿನಲ್ಲೇ ಕಂಡ. 1780ರಲ್ಲಿ ಕಂಪನಿಯ ಪದಾತಿ ದಳದ ಕೆಡೆಟ್ ಆಗಿ ಮದರಾಸಿಗೆ ಬಂದಿಳಿದ. ಅದೇ ವರ್ಷ ಹೈದರಾಲಿಯೊಡನೆ ಯುದ್ಧ ಆರಂಭವಾಯಿತು.

ಕತ್ತಿ ಹಿಡಿದು ಬಂದವರು ಲೆಕ್ಕದ ಪುಸ್ತಕ ಹಿಡಿದದ್ದು 1792ರಲ್ಲಿ. ಟಿಪ್ಪು ಸುಲ್ತಾನರಿಂದ ಕಂಪನಿಗೆ ಸೇರಿದ ಬಾರಾಮಹಲಿನಲ್ಲಿ, ಅಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿ ಸೀಮೆಯಲ್ಲಿ, ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಕೈಕೆಳಗೆ ಏಳು ವರ್ಷ ಕಂದಾಯದ ಕೆಲಸ ಕಲಿತರು. ಊರೂರು ಸುತ್ತಿ ರೈತನನ್ನೇ ನೇರ ಕೇಳಿ ತೀರುವೆ ಗೊತ್ತುಮಾಡುವ ರೈತವಾರಿ ಪದ್ಧತಿ ರೂಪುಗೊಂಡದ್ದು ಅಲ್ಲೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮನ್ರೋ ಅವರನ್ನು ಕೆನರಾ ಜಿಲ್ಲೆಗೆ ಕಳುಹಿಸಲಾಯಿತು. ಕಾಸರಗೋಡಿನ ಸೀಮೆಯೂ ಆಗ ಅದರಲ್ಲೇ ಇತ್ತು. ಅಲ್ಲಿನ ಮಳೆ, ಕಾಡು, ದಾರಿ ಯಾವುದೂ ಅವರಿಗೆ ಹಿಡಿಸಲಿಲ್ಲ. ಜಮಾಬಂದಿಗೆ ಕರೆದರೆ ರೈತರು ಒಟ್ಟಾಗಿ ಬರುವುದಿಲ್ಲ ಎಂದು ಕೂತರು. ಹಳೆಯ ಕಡತಗಳನ್ನು ತೆಗೆಸಿ ನೋಡಿದಾಗ, ಹಿಂದಿನ ಕಾಲದ ತೆರಿಗೆಯ ಮೇಲೆ ಒಬ್ಬೊಬ್ಬ ದೊರೆಯೂ ಒಂದಿಷ್ಟು ಏರಿಸುತ್ತಲೇ ಬಂದದ್ದು ತಿಳಿಯಿತು. ಹೊರೆ ತಗ್ಗಬೇಕೆಂದು 1800ರಲ್ಲಿ ಮೇಲಿನವರಿಗೆ ಬರೆದರು.

ಗಡಿಸೀಮೆಯ ಏಳು ವರ್ಷ

ಅದೇ ವರ್ಷ ಹೈದರಾಬಾದಿನ ನಿಜಾಮರು ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಬಿಟ್ಟುಕೊಟ್ಟರು. ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಇದರಲ್ಲಿ ಸೇರಿದ್ದವು. ಇದೇ ದತ್ತ ಮಂಡಲ. ಸೈನ್ಯದ ಖರ್ಚಿಗೆಂದೇ ಬಂದ ನಾಡು ಇದು. ಬಂದ ದಿನದಿಂದಲೇ ಇಲ್ಲಿನ ರೈತ ಯಾರದೋ ಯುದ್ಧದ ಬಾಬತ್ತು ತೀರಿಸುವವನಾದ.

ಮನ್ರೋ ಇಲ್ಲಿಗೆ ಪ್ರಧಾನ ಕಲೆಕ್ಟರ್ ಆಗಿ ಬಂದರು. ಸುಮಾರು ಎಂಬತ್ತು ಪಾಳೆಗಾರರು, ಅವರ ಹಿಂದೆ ಸಾವಿರಾರು ಬಂಟರು. ಹಾಳುಬಿದ್ದ ಊರುಗಳು, ಒಡೆದ ಕೆರೆಗಳು. ಬಂದ ಮರುವರ್ಷವೇ ಆದವಾನಿ ಕಡೆಯ ತೆರ್ನೆಕಲ್ಲಿನ ಜನ ಕಂದಾಯದ ಅಧಿಕಾರಿಗಳ ಮೇಲೆ ತಿರುಗಿಬಿದ್ದರು. ಸೈನ್ಯ ಬಂದು ಕೋಟೆ ಒಡೆದು ಅದನ್ನು ಅಡಗಿಸಿತು. ಮನ್ರೋ ಆಡಳಿತ ಬರೀ ಕರುಣೆಯದಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಒಬ್ಬ ರೈತ ಕಂದಾಯ ಕಟ್ಟಲಾಗದಿದ್ದರೆ ಊರಿನ ಉಳಿದವರ ಮೇಲೆ ಅದರ ಹೊಣೆ ಬೀಳುತ್ತಿತ್ತು.

ಆದರೂ ಜನರ ನಡುವೆ ಡೇರೆ ಹಾಕಿ ಬದುಕಿದ ಕಲೆಕ್ಟರ್ ಅವರು. 1802ರಲ್ಲಿ ಹೊಲಗಳ ಅಳತೆ ಶುರುವಾಯಿತು. ಸರಪಳಿ ಹಿಡಿದು ಒಂದೊಂದು ಹೊಲ ಅಳೆದು, ಎರೆ, ಮಸಬು ಎಂದು ನೆಲದ ಗುಣ ನೋಡಿ ತೀರುವೆ ಬರೆಯಲಾಯಿತು. ನಡುವೆ ಮಳೆ ಕೈಕೊಟ್ಟ ವರ್ಷಗಳೂ ಬಂದವು. ಇಷ್ಟಾದರೂ ಏಳು ವರ್ಷಗಳಲ್ಲಿ ಜಿಲ್ಲೆಯ ಕಂದಾಯ ಹತ್ತಿರ ಹತ್ತಿರ ಒಂದೂವರೆ ಪಟ್ಟಾಯಿತು. ಕಂಪನಿಯ ಕಣ್ಣಿನಲ್ಲಿ ಇದು ದೊಡ್ಡ ಸಾಧನೆ.

1807ರ ಆಗಸ್ಟ್ ಪತ್ರ

ಅಷ್ಟು ಹಣ ಎತ್ತಿಕೊಟ್ಟ ಕಲೆಕ್ಟರೇ, ಊರಿಗೆ ಹೊರಡುವ ಮುನ್ನ, 1807ರ ಆಗಸ್ಟ್ 15ರಂದು ತಮ್ಮ ಲೆಕ್ಕವನ್ನೇ ತಿದ್ದುವ ಪತ್ರ ಬರೆದರು. ತಾವು ಗೊತ್ತುಮಾಡಿದ ತೀರುವೆ ಶಾಶ್ವತವಾಗಿ ನಿಲ್ಲುವುದಕ್ಕೆ ಹೆಚ್ಚಾಯಿತು; ಎಲ್ಲ ಜಮೀನಿನ ಮೇಲೂ ನೂರಕ್ಕೆ 25 ಇಳಿಸಬೇಕು; ಬಾವಿ ನೀರಿನ ಜಮೀನಿಗೆ ಇನ್ನೂ 8 ಸೇರಿಸಿ 33 ಇಳಿಸಬೇಕು ಎಂಬುದು ಅದರ ತಿರುಳು. ಆಗಿನ ತೀರುವೆ ಬೆಳೆಯ ನೂರಕ್ಕೆ 45ರಷ್ಟಿತ್ತು. ಅದನ್ನು ಮೂರರಲ್ಲೊಂದು ಪಾಲಿಗೆ ತರಬೇಕೆಂಬುದು ಅವರ ಉದ್ದೇಶ.

ಅವರ ವಾದ ಸರಳ. ರೈತನ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಎತ್ತು ಕೊಳ್ಳುತ್ತಾನೆ, ಬೀಳು ಬಿದ್ದ ಹೊಲ ಉಳುತ್ತಾನೆ, ಬಾವಿ ತೋಡುತ್ತಾನೆ. ಇಂದು ಬಿಟ್ಟ ಕಾಲುಪಾಲು ಕೆಲವು ವರ್ಷಗಳಲ್ಲಿ ಬೇರೆ ದಾರಿಯಲ್ಲಿ ಬೊಕ್ಕಸಕ್ಕೇ ಬರುತ್ತದೆ. ಬಿಡದಿದ್ದರೆ ಬರ ಬಂದಾಗ ರೈತ ಊರು ಬಿಡುತ್ತಾನೆ, ಆಗ ಕಾಲುಪಾಲಿನ ಜೊತೆ ಉಳಿದ ಮುಕ್ಕಾಲೂ ಹೋಗುತ್ತದೆ.

ಮದರಾಸಿನ ವಾದವೂ ಸರಳವೇ. ಮೈಸೂರು ಯುದ್ಧ, ಮರಾಠರ ಯುದ್ಧಗಳಿಂದ ಕಂಪನಿಯ ಸಾಲ ಬೆಟ್ಟದಷ್ಟಾಗಿತ್ತು. ಕಂದಾಯ ಇಳಿಸುವ ಕಾಲ ಇದಲ್ಲ ಎಂದು ಸರ್ಕಾರ ಪತ್ರವನ್ನು ಬದಿಗಿಟ್ಟಿತು. ಕೊರತೆ ತುಂಬುವ ಹೊರೆ ನೇಗಿಲ ಮೇಲೂ ಬಿತ್ತು. ಊರುಗಳನ್ನೇ ಒಟ್ಟಾಗಿ ಗುತ್ತಿಗೆಗೆ ಕೊಟ್ಟರು. ಮೊದಲು ಮೂರು ವರ್ಷ, ಆಮೇಲೆ ಹತ್ತು ವರ್ಷ. ಮಳೆ ಹೋದ ವರ್ಷ ಗುತ್ತಿಗೆ ಹಿಡಿದ ಗೌಡರೇ ಮುಳುಗಿದರು. ಎಷ್ಟೋ ಹಳೆಯ ಗೌಡ ಮನೆತನಗಳು ಆ ಹೊಡೆತದಲ್ಲಿ ನೆಲ ಕಚ್ಚಿದವು. ಬೊಕ್ಕಸಕ್ಕೂ ಬಾಕಿಯೇ ಉಳಿಯಿತು.

ಸೊಲ್ಲಾಪುರದಿಂದ ಗವರ್ನರ್ ಗದ್ದುಗೆಗೆ

1814ರಲ್ಲಿ ಮದುವೆಯಾಗಿ ಪತ್ನಿ ಜೇನ್ ಕ್ಯಾಂಪ್‌ಬೆಲ್ ಜೊತೆ ಮನ್ರೋ ಮತ್ತೆ ಮದರಾಸಿಗೆ ಬಂದರು. ನ್ಯಾಯಾಡಳಿತದ ಸುಧಾರಣೆ ಅವರ ಹೊಣೆ. 1817ರಲ್ಲಿ ಪೇಶ್ವೆಯೊಡನೆ ಯುದ್ಧ ಬಂದಾಗ ಮತ್ತೆ ಕತ್ತಿ ಹಿಡಿದರು. ಕೈಯಲ್ಲಿದ್ದ ಸೈನ್ಯ ಚಿಕ್ಕದು. ಊರಿನ ಜನರಿಂದಲೇ ಬಂಟರನ್ನು ಕೂಡಿಸಿ, ಹಿಡಿದ ಪ್ರದೇಶದ ಕಂದಾಯದಿಂದಲೇ ಅವರ ಸಂಬಳ ಕೊಟ್ಟು, 1818ರಲ್ಲಿ ಬಾದಾಮಿ ಕೋಟೆಯನ್ನೂ ಮೇ ತಿಂಗಳಲ್ಲಿ ಸೊಲ್ಲಾಪುರ ಕೋಟೆಯನ್ನೂ ಗೆದ್ದರು.

1820ರಲ್ಲಿ ಅವರು ಮದರಾಸಿನ ಗವರ್ನರ್ ಆದರು. ಹದಿಮೂರು ವರ್ಷ ಕಡತದಲ್ಲಿ ಕೂತಿದ್ದ ಪತ್ರ ಈಗ ಆಜ್ಞೆಯಾಯಿತು. ದತ್ತ ಮಂಡಲದಲ್ಲಿ ರೈತವಾರಿ ಮರಳಿತು, ತೀರುವೆ ಅವರು ಹೇಳಿದಷ್ಟೇ ಇಳಿಯಿತು. ಕೆಳಗಿದ್ದಾಗ ಹೇಳಿದ್ದನ್ನು ಮೇಲೇರಿದಾಗ ಮರೆಯುವವರೇ ಹೆಚ್ಚು. ಮನ್ರೋ ಮರೆಯಲಿಲ್ಲ.

1824ರ ಕೊನೆಯ ದಿನ ಬರೆದ ದೀರ್ಘ ಟಿಪ್ಪಣಿಯಲ್ಲಿ ಅವರು ಇನ್ನೂ ಮುಂದೆ ಹೋದರು. ತೆರಿಗೆ ಕೊಡುವ ಜನರಿಗೆ ಆಡಳಿತದಲ್ಲಿ ಪಾಲಿಲ್ಲದಿರುವುದು ತಪ್ಪು, ಈ ನಾಡಿನವರಿಗೇ ದೊಡ್ಡ ಹುದ್ದೆಗಳನ್ನು ಕೊಡಬೇಕು ಎಂಬುದು ಅವರ ನಿಲುವು. ಆದರೆ ಅದೇ ವರ್ಷ ಬರ್ಮಾ ಯುದ್ಧ ಶುರುವಾಗಿ ಮತ್ತೆ ಕೋಟ್ಯಂತರ ರೂಪಾಯಿ ಕರಗಿತು. ಮನ್ರೋ ಮದರಾಸಿನಿಂದ ಪಡೆ, ಸಾಮಗ್ರಿ ಕಳಿಸಿಕೊಟ್ಟರು. ಯುದ್ಧ ಬೇಡವೆಂದು ನಿಲ್ಲಿಸುವ ಅಧಿಕಾರ ಅವರದಾಗಿರಲಿಲ್ಲ.

ಪತ್ತಿಕೊಂಡದ ಬಾವಿ

1826ರಲ್ಲಿ ಮಗುವಿನ ಕಾಯಿಲೆಯಿಂದಾಗಿ ಪತ್ನಿ ಇಂಗ್ಲೆಂಡಿಗೆ ಹೊರಟರು. ಮನ್ರೋ ಅವರಿಗೂ ಊರಿನ ಹಂಬಲ. ಹೊಸ ಗವರ್ನರ್ ಬರುವುದು ತಡವಾಯಿತು. ಹಳೆಯ ಸೀಮೆಯ ಜನರನ್ನು ಕೊನೆಯ ಸಲ ನೋಡಿ ಬರೋಣವೆಂದು 1827ರ ಬೇಸಿಗೆಯಲ್ಲಿ ದತ್ತ ಮಂಡಲದ ಪ್ರವಾಸ ಹೊರಟರು. ದಾರಿಯಲ್ಲಿ ವಾಂತಿಭೇದಿ ತಗುಲಿ ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿ, 1831ರಲ್ಲಿ ಅಸ್ಥಿಯನ್ನು ಮದರಾಸಿನ ಕೋಟೆಯೊಳಗಿನ ಚರ್ಚಿಗೆ ಒಯ್ಯಲಾಯಿತು. ಚೆನ್ನೈನಲ್ಲಿ ರಿಕಾಪು ಇಲ್ಲದ ಕುದುರೆಯ ಮೇಲೆ ಕೂತ ಅವರ ಪ್ರತಿಮೆಯನ್ನು ಇಂದಿಗೂ ಕಾಣಬಹುದು.

ಇಳಿಸಿದ ತೀರುವೆಯಿಂದ ಸೀಮೆಯ ಬಡತನವೇನೂ ತೀರಲಿಲ್ಲ. ಮೂರರಲ್ಲೊಂದು ಪಾಲೂ ಮಳೆಯನ್ನೇ ನಂಬಿದ ಎರೆಹೊಲಕ್ಕೆ ಭಾರವೇ. 1876-78ರ ಮಹಾ ಬರದಲ್ಲಿ ಬಳ್ಳಾರಿ ಜಿಲ್ಲೆಯ ಜನ ಹುಳುಗಳಂತೆ ಸತ್ತರು. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಬಳ್ಳಾರಿ ಮೈಸೂರಿಗೂ ಸೇರಿ ಮನ್ರೋ ಆಳಿದ ನೆಲವೇ ಹಂಚಿಹೋಯಿತು.

ಆದರೂ ಈ ಸೀಮೆಯ ಜನ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ತಮ್ಮಿಂದ ಹಣ ಎತ್ತಿದ ಅಧಿಕಾರಿಯ ಹೆಸರನ್ನು ಮಗನಿಗೆ ಇಡುವುದು ಸಣ್ಣ ಮಾತಲ್ಲ. ಬೊಕ್ಕಸದ ಕೊರತೆಯನ್ನು ರೈತನ ಹೊಟ್ಟೆಯಿಂದ ತುಂಬುವ ದಾರಿ ಸುಲಭ, ಅದು ಎಲ್ಲ ಕಾಲದ ಸರ್ಕಾರಗಳಿಗೂ ಗೊತ್ತು. ಆ ದಾರಿಯಲ್ಲಿ ಏಳು ವರ್ಷ ನಡೆದು, ಇನ್ನು ಸಾಕು ಎಂದು ತಾವೇ ಬರೆದವರು ಮನ್ರೋ. ಅವರು ಕಣ್ಣು ಮುಚ್ಚಿದ ಪತ್ತಿಕೊಂಡದಲ್ಲಿ ಸರ್ಕಾರ ಅವರ ನೆನಪಿಗೆಂದು ಹುಣಿಸೆ ತೋಪು ಹಾಕಿಸಿ, ಕಲ್ಲು ಮೆಟ್ಟಿಲಿನ ಬಾವಿ ಕಟ್ಟಿಸಿತು. ಬಾವಿ ತೋಡಿದ ರೈತನಿಗೆ ಹೆಚ್ಚು ರಿಯಾಯಿತಿ ಕೊಡಿ ಎಂದು ಕೇಳಿದವರಿಗೆ ಅದಕ್ಕಿಂತ ಒಪ್ಪುವ ಸ್ಮಾರಕ ಬೇರೆ ಇರಲಾರದು.