ಗೆಲಿಲಿಯೋ: ಸೌರವ್ಯೂಹದ ಪಾಠಕ್ಕೆ ಮೊದಲು ತಿಳಿದಿರಬೇಕಾದ ಜೀವನ

ಬೋಧನಾಭ್ಯಾಸಕ್ಕೆಂದು ರೋಣ, ನರಗುಂದ ಮತ್ತು ಗಜೇಂದ್ರಗಡದ ಶಾಲೆಗಳಿಗೆ ಹೋಗುವ ವಿಜ್ಞಾನ ವಿಭಾಗದ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಸೌರವ್ಯೂಹದ ಪಾಠವನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಗೆಲಿಲಿಯೋನ ಹೆಸರು ಬಂದೇ ಬರುತ್ತದೆ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸಿದ ಪಾಠಗಳಲ್ಲಿ ಹೆಚ್ಚಿನವು ಅವನ ಕತೆಯನ್ನು ಮೂರು ಮಾತಿನಲ್ಲಿ ಮುಗಿಸುತ್ತವೆ: ಭೂಮಿ ಸುತ್ತುತ್ತದೆ ಎಂದು ಅವನು ಹೇಳಿದ, ಚರ್ಚು ಶಿಕ್ಷಿಸಿತು, ಕೊನೆಗೆ ವಿಜ್ಞಾನ ಗೆದ್ದಿತು. ಇದರಲ್ಲಿ ತಪ್ಪು ಕಡಿಮೆ, ಬಿಟ್ಟುಹೋದದ್ದು ಬಹಳ. ಗೆಲಿಲಿಯೋ ಕೊನೆಯವರೆಗೂ ಕ್ರೈಸ್ತ ವಿಶ್ವಾಸಿಯಾಗಿದ್ದ. ಬೈಬಲನ್ನೂ ಹೊಸ ಖಗೋಳಶಾಸ್ತ್ರವನ್ನೂ ಕೈಬಿಡದೆ ಎರಡನ್ನೂ ಹೇಗೆ ಓದಬೇಕೆಂದು ಅವನು ಆಳವಾಗಿ ಯೋಚಿಸಿದ್ದ. ಶಿಕ್ಷಕರಾಗುವವರಿಗೆ ಅವನ ಜೀವನದ ಈ ಭಾಗವೇ ಹೆಚ್ಚು ಉಪಯುಕ್ತ. ಆದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಾಲ್ಯ ಮತ್ತು ಅಧ್ಯಾಪನ

ಗೆಲಿಲಿಯೋ ಗೆಲಿಲಿ 1564ರ ಫೆಬ್ರುವರಿ 15ರಂದು ಇಟಲಿಯ ಪೀಸಾದಲ್ಲಿ ಹುಟ್ಟಿದ. ತಂದೆ ವಿನ್ಸೆಂಜೊ ಸಂಗೀತಗಾರ. ತಂತಿಯ ಬಿಗಿತಕ್ಕೂ ಸ್ವರಕ್ಕೂ ಇರುವ ಸಂಬಂಧವನ್ನು ಹಳೆಯ ಪುಸ್ತಕಗಳನ್ನಷ್ಟೇ ನಂಬದೆ ತಾನೇ ತಂತಿ ಕಟ್ಟಿ ಪರೀಕ್ಷಿಸಿದವನು. ಮಗನಿಗೆ ಪ್ರಯೋಗದ ರುಚಿ ಮನೆಯಲ್ಲೇ ಹತ್ತಿತು ಎನ್ನಬಹುದು. ಬಾಲಕ ಗೆಲಿಲಿಯೋ ಕೆಲಕಾಲ ಒಂದು ಮಠದಲ್ಲಿ ಓದಿದ. ಸಂನ್ಯಾಸಿಯಾಗುವ ಮನಸ್ಸೂ ಅವನಿಗಿತ್ತು, ತಂದೆ ಒಪ್ಪಲಿಲ್ಲ. 1581ರಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದವನು ಗಣಿತದ ಸೆಳೆತಕ್ಕೆ ಸಿಕ್ಕಿ, ಪದವಿ ಪಡೆಯದೆಯೇ ಹೊರಬಂದ. 1589ರಲ್ಲಿ ಪೀಸಾದಲ್ಲಿ ಗಣಿತದ ಅಧ್ಯಾಪಕನಾದ. 1592ರಿಂದ 18 ವರ್ಷ ಪಾದುವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ.

ದೂರದರ್ಶಕದ ವರ್ಷಗಳು

ಸೂರ್ಯ ಕೇಂದ್ರದಲ್ಲಿದ್ದು ಭೂಮಿ ಅದನ್ನು ಸುತ್ತುತ್ತದೆ ಎಂಬ ಕೊಪರ್ನಿಕಸನ ಗ್ರಂಥ 1543ರಲ್ಲೇ ಅಚ್ಚಾಗಿತ್ತು. ಕೊಪರ್ನಿಕಸನೂ ಚರ್ಚಿನ ಸೇವೆಯಲ್ಲಿದ್ದವನೇ ಎಂಬುದನ್ನು ಗಮನಿಸಬೇಕು. 1609ರಲ್ಲಿ ಹಾಲೆಂಡಿನಲ್ಲಿ ದೂರದರ್ಶಕ ತಯಾರಾದ ಸುದ್ದಿ ಕೇಳಿದ ಗೆಲಿಲಿಯೋ ತಾನೇ ಮಸೂರ ಉಜ್ಜಿ, ಸುಮಾರು 20 ಪಟ್ಟು ದೊಡ್ಡದಾಗಿ ತೋರಿಸುವ ಸಾಧನ ಮಾಡಿಕೊಂಡ. 1610ರ ಜನವರಿ 7ರ ರಾತ್ರಿ ಗುರುಗ್ರಹದ ಪಕ್ಕದಲ್ಲಿ ಮೂರು ಚಿಕ್ಕ ಚುಕ್ಕೆಗಳನ್ನು ಕಂಡ. ಮುಂದಿನ ರಾತ್ರಿಗಳಲ್ಲಿ ಅವು ಜಾಗ ಬದಲಿಸಿದವು, ನಾಲ್ಕನೆಯದೂ ಕಾಣಿಸಿತು. ಅವು ಗುರುವನ್ನು ಸುತ್ತುವ ಚಂದ್ರರು. ಅಂದರೆ ಆಕಾಶದಲ್ಲಿ ಎಲ್ಲವೂ ಭೂಮಿಯನ್ನೇ ಸುತ್ತಬೇಕಾಗಿಲ್ಲ. ಅದೇ ವರ್ಷದ ಕೊನೆಗೆ ಶುಕ್ರಗ್ರಹಕ್ಕೂ ಚಂದ್ರನಂತೆ ಕಲೆಗಳಿರುವುದನ್ನು ಕಂಡ. ಶುಕ್ರ ಸೂರ್ಯನನ್ನು ಸುತ್ತುತ್ತಿದ್ದರೆ ಮಾತ್ರ ಹಾಗೆ ಕಾಣಲು ಸಾಧ್ಯ. 1611ರಲ್ಲಿ ಅವನು ರೋಮಿಗೆ ಹೋದಾಗ ಅಲ್ಲಿನ ಜೆಸ್ವಿಟ್ ಪಾದ್ರಿಗಳಾದ ಖಗೋಳಜ್ಞರು ಈ ವೀಕ್ಷಣೆಗಳನ್ನು ತಾವೂ ನೋಡಿ ಒಪ್ಪಿ, ಅವನನ್ನು ಸನ್ಮಾನಿಸಿದರು. ಮೊದಲ ದಿನದಿಂದಲೇ ಚರ್ಚು ಅವನ ಎದುರು ನಿಂತಿತು ಎಂಬ ಮಾತು ಇದರಿಂದ ಬಿದ್ದುಹೋಗುತ್ತದೆ.

ಯೆಹೋಶುವನ ಪ್ರಶ್ನೆ

1613ರ ಡಿಸೆಂಬರಿನಲ್ಲಿ ಮೆಡಿಚಿ ಅರಮನೆಯ ಉಪಾಹಾರದ ವೇಳೆ ಗೆಲಿಲಿಯೋನ ಶಿಷ್ಯ, ಸಂನ್ಯಾಸಿ ಬೆನೆಡೆಟ್ಟೊ ಕಾಸ್ಟೆಲ್ಲಿಯನ್ನು ರಾಜಮಾತೆ ಕ್ರಿಸ್ಟೀನಾ ಒಂದು ಪ್ರಶ್ನೆ ಕೇಳಿದಳು. ಹಳೆ ಒಡಂಬಡಿಕೆಯಲ್ಲಿ, ಯುದ್ಧ ಮುಗಿಯುವವರೆಗೆ ಹಗಲು ಉಳಿಯಲೆಂದು ಯೆಹೋಶುವ ಪ್ರಾರ್ಥಿಸಿದಾಗ ಸೂರ್ಯ ನಿಂತ ಎಂದಿದೆ. ಚಲಿಸದ ಸೂರ್ಯ ನಿಲ್ಲುವುದು ಹೇಗೆ? ಹೊಸ ಶಾಸ್ತ್ರ ನಿಜವಾದರೆ ಗ್ರಂಥ ಸುಳ್ಳಾಗುವುದಿಲ್ಲವೇ? ವಿಷಯ ತಿಳಿದ ಗೆಲಿಲಿಯೋ ಶಿಷ್ಯನಿಗೆ ದೀರ್ಘ ಪತ್ರ ಬರೆದ. 1615ರಲ್ಲಿ ಅದನ್ನೇ ವಿಸ್ತರಿಸಿ ರಾಜಮಾತೆಯ ಹೆಸರಿಗೆ ಬರೆದ.

ಅವನ ವಾದದ ಮೆಟ್ಟಿಲುಗಳು ಸರಳ. ಪವಿತ್ರ ಗ್ರಂಥವೂ ನಿಸರ್ಗವೂ ಒಬ್ಬನೇ ದೇವರಿಂದ ಬಂದವು, ಆದ್ದರಿಂದ ಎರಡೂ ನಿಜವಾಗಿ ಒಂದಕ್ಕೊಂದು ವಿರುದ್ಧವಾಗಲಾರವು. ಗ್ರಂಥ ತಪ್ಪುವುದಿಲ್ಲ, ಅದರ ಅರ್ಥ ಹೇಳುವವರು ತಪ್ಪಬಹುದು. ಗ್ರಂಥವು ಸಾಮಾನ್ಯ ಜನರಿಗೆ ತಿಳಿಯುವ ಮಾತಿನಲ್ಲಿ ಮಾತಾಡುತ್ತದೆ. ದೇವರ ಕೈ, ದೇವರ ಕಣ್ಣು ಎಂದಾಗ ಯಾರೂ ಅದನ್ನು ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಸೂರ್ಯನ ಚಲನೆಯ ಮಾತೂ ಅಂಥದ್ದೇ. ಗ್ರಂಥದ ಉದ್ದೇಶ ಮನುಷ್ಯನ ರಕ್ಷಣೆ, ಗ್ರಹಗತಿಯ ಲೆಕ್ಕವಲ್ಲ. ಈ ಓದಿಗೆ ಅವನು ಆಧಾರ ಮಾಡಿಕೊಂಡದ್ದು ಸುಮಾರು 1200 ವರ್ಷ ಹಿಂದಿನ ಸಂತ ಅಗಸ್ಟೀನನನ್ನು. ಸೃಷ್ಟಿಯ ವಿಷಯದಲ್ಲಿ ಅವಸರದ ಅರ್ಥ ಹೇಳಿ ಗ್ರಂಥವನ್ನು ನಗೆಪಾಟಲಿಗೆ ಈಡುಮಾಡಬಾರದು ಎಂದು ಅಗಸ್ಟೀನನೇ ಎಚ್ಚರಿಸಿದ್ದ.

ಗೆಲಿಲಿಯೋ ಇನ್ನೂ ಒಂದು ಹೆಜ್ಜೆ ಹೋದ. ಹಳೆಯ ಪದ್ಧತಿಯಲ್ಲಿ ಸೂರ್ಯನ ಸ್ವಂತ ಚಲನೆ ಪಶ್ಚಿಮದಿಂದ ಪೂರ್ವಕ್ಕೆ, ವರ್ಷಕ್ಕೆ ಒಂದು ಸುತ್ತು. ಹಗಲು ರಾತ್ರಿ ಮಾಡುವುದು ಇಡೀ ಆಕಾಶದ ತಿರುಗುವಿಕೆ. ಹಾಗಾದರೆ ಸೂರ್ಯನ ಸ್ವಂತ ಚಲನೆಯನ್ನು ನಿಲ್ಲಿಸಿದರೆ ಹಗಲು ಉದ್ದವಾಗುವುದಿಲ್ಲ, ತುಸು ಗಿಡ್ಡವಾಗುತ್ತದೆ. ಅಕ್ಷರಶಃ ಓದುವವರ ಹಳೆಯ ಪದ್ಧತಿಯೇ ಆ ವಚನಕ್ಕೆ ಹೊಂದುವುದಿಲ್ಲ ಎಂದು ಅವನು ತೋರಿಸಿದ.

ರೋಮಿನ ತೀರ್ಪು

ಕಾರ್ಡಿನಲ್ ಬೆಲ್ಲರ್ಮಿನ್ ಈ ವಾದವನ್ನು ಪೂರ್ತಿ ತಳ್ಳಿಹಾಕಲಿಲ್ಲ. ಭೂಮಿಯ ಚಲನೆಗೆ ಖಚಿತ ಪ್ರಮಾಣ ಸಿಕ್ಕರೆ ಗ್ರಂಥದ ಅರ್ಥವನ್ನು ಎಚ್ಚರದಿಂದ ಮತ್ತೆ ನೋಡಬೇಕಾಗುತ್ತದೆ, ಆದರೆ ಅಂಥ ಪ್ರಮಾಣ ತನಗೆ ಕಂಡಿಲ್ಲ ಎಂಬುದು ಅವನ ನಿಲುವು. ಇಲ್ಲಿ ಶಿಕ್ಷಕರು ನ್ಯಾಯವಾಗಿ ಮಾತಾಡಬೇಕು. ಆಗ ಗೆಲಿಲಿಯೋನ ಕೈಯಲ್ಲಿ ಬಲವಾದ ಸೂಚನೆಗಳಿದ್ದವು, ಅಂತಿಮ ಪ್ರಮಾಣ ಇರಲಿಲ್ಲ. ಭೂಮಿ ಚಲಿಸುವುದರಿಂದಲೇ ಸಮುದ್ರದ ಉಬ್ಬರವಿಳಿತ ಆಗುತ್ತದೆ ಎಂಬುದು ಅವನು ನೆಚ್ಚಿಕೊಂಡ ಮುಖ್ಯ ವಾದ, ಅದು ತಪ್ಪು. ಭೂಮಿ ಸುತ್ತುವುದರಿಂದ ನಕ್ಷತ್ರದ ಸ್ಥಾನ ತುಸು ಸರಿದಂತೆ ಕಾಣಬೇಕಾದದ್ದನ್ನು ಬೆಸೆಲ್ ಅಳೆದದ್ದು 1838ರಲ್ಲಿ.

1616ರಲ್ಲಿ ಕೊಪರ್ನಿಕಸನ ಗ್ರಂಥವನ್ನು ತಿದ್ದುವವರೆಗೆ ಓದಬಾರದೆಂದು ಆಜ್ಞೆಯಾಯಿತು. ಆ ಮತವನ್ನು ಬಿಡುವಂತೆ ಗೆಲಿಲಿಯೋಗೂ ಎಚ್ಚರಿಕೆ ಬಂತು. 1623ರಲ್ಲಿ ಅವನನ್ನು ಮೆಚ್ಚಿದ್ದ ಬಾರ್ಬೆರಿನಿ ಎಂಟನೆಯ ಅರ್ಬನ್ ಎಂಬ ಹೆಸರಿನಿಂದ ಪೋಪ್ ಆದಾಗ ಗೆಲಿಲಿಯೋಗೆ ಧೈರ್ಯ ಬಂತು. 1632ರಲ್ಲಿ ಜನಸಾಮಾನ್ಯರ ಇಟಾಲಿಯನ್ ಭಾಷೆಯಲ್ಲೇ ಎರಡು ಪದ್ಧತಿಗಳ ಸಂವಾದ ಗ್ರಂಥ ಪ್ರಕಟಿಸಿದ. ಪೋಪನಿಗೆ ಪ್ರಿಯವಾಗಿದ್ದ ವಾದ ಅದರಲ್ಲಿ ಮಂದಬುದ್ಧಿಯ ಪಾತ್ರದ ಬಾಯಿಗೆ ಬಂದಿತ್ತು. 1633ರ ಜೂನ್ 22ರಂದು, ಸುಮಾರು 70ರ ಮುದುಕ ಮಂಡಿಯೂರಿ ತನ್ನ ಮತವನ್ನು ನಿರಾಕರಿಸಬೇಕಾಯಿತು. ಆ ಹೊತ್ತಿನಲ್ಲಿ ಅವನು ಭೂಮಿ ಚಲಿಸುತ್ತಲೇ ಇದೆ ಎಂದು ಗೊಣಗಿದನೆಂಬ ಕತೆ ನೂರು ವರ್ಷಗಳ ಮೇಲೆ ಅಚ್ಚಿಗೆ ಬಂದದ್ದು. ಅದನ್ನು ಪಾಠದಲ್ಲಿ ಸತ್ಯವೆಂದು ಹೇಳಬೇಡಿ.

ಉಳಿದ ಬದುಕು ಫ್ಲಾರೆನ್ಸಿನ ಹತ್ತಿರದ ಆರ್ಚೆಟ್ರಿಯಲ್ಲಿ ಗೃಹಬಂಧನದಲ್ಲಿ ಕಳೆಯಿತು. ಅವನಿಗೆ ಆಸರೆಯಾಗಿದ್ದ ಮಗಳು, ಸಂನ್ಯಾಸಿನಿ ಮರಿಯಾ ಚೆಲೆಸ್ತೆ, 1634ರಲ್ಲಿ ತೀರಿಕೊಂಡಳು. ಆ ದುಃಖದಲ್ಲೂ ಅವನು ಬರೆದ ಚಲನಶಾಸ್ತ್ರದ ಗ್ರಂಥ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಕಣ್ಣು ಹೋಗಿತ್ತು. 1642ರ ಜನವರಿ 8ರಂದು ಸತ್ತ. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅಂದಿನ ಧರ್ಮಪಂಡಿತರು ತಪ್ಪಿದ್ದರೆಂದು ಬಹಿರಂಗವಾಗಿ ಒಪ್ಪಿ, ಗ್ರಂಥ ಓದುವ ವಿಷಯದಲ್ಲಿ ಗೆಲಿಲಿಯೋ ಅವರಿಗಿಂತ ಸೂಕ್ಷ್ಮವಾಗಿ ಯೋಚಿಸಿದ್ದನೆಂದು ಹೇಳಿದರು.

ನಮ್ಮ ತರಗತಿಯಲ್ಲಿ

ಇದು ದೂರದ ಇಟಲಿಯ ಜಗಳ ಎಂದುಕೊಳ್ಳಬೇಡಿ. ಬೆಟಗೇರಿಯ ಜರ್ಮನ್ ಆಸ್ಪತ್ರೆ ಈ ಭಾಗದ ಎಲ್ಲರಿಗೂ ಗೊತ್ತು. ಮಿಶನ್ನಿನ ಕಾಲದಿಂದಲೂ ನಮ್ಮ ಸುತ್ತ ಕ್ರೈಸ್ತ ಕುಟುಂಬಗಳಿವೆ. ಒಂದು ಶಾಲೆಯಲ್ಲಿ ಪಾಠ ವೀಕ್ಷಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು, ಭಾನುವಾರ ಚರ್ಚಿನಲ್ಲಿ ಓದುವ ಯೆಹೋಶುವನ ಕತೆ ಹಾಗಾದರೆ ಸುಳ್ಳೇ ಎಂದು ಕೇಳಿದಳು. ಧರ್ಮ ಬೇರೆ, ವಿಜ್ಞಾನ ಬೇರೆ, ಕುಳಿತುಕೋ ಎಂಬ ಉತ್ತರ ಸಿಕ್ಕಿತು. ಅನಂತರ ನಾನು ವೀಕ್ಷಿಸಿದ ಎರಡು ಪಾಠಗಳಲ್ಲೂ ಅವಳು ಕೈ ಎತ್ತಲಿಲ್ಲ. ಗ್ರಹಣದ ದಿನ ಅಜ್ಜಿ ಊಟ ಮಾಡಗೊಡುವುದಿಲ್ಲ ಏಕೆ ಎಂದು ಕೇಳುವ ಹುಡುಗನ ಪರಿಸ್ಥಿತಿಯೂ ಇದೇ. ಮನೆ ಬೇಕೋ ಪಾಠ ಬೇಕೋ ಎಂಬ ಆಯ್ಕೆಗೆ ಮಗುವನ್ನು ನೂಕಿದರೆ ಅದು ಎರಡರಲ್ಲೊಂದನ್ನು ಕಳೆದುಕೊಳ್ಳುತ್ತದೆ.

ಉತ್ತರದ ದಾರಿಯನ್ನು ಗೆಲಿಲಿಯೋನೇ ತೋರಿಸಿದ್ದಾನೆ. ಹೊತ್ತು ಮುಳುಗುವುದರೊಳಗೆ ಮನೆಗೆ ಬಾ ಎಂದು ರೋಣದ ತಾಯಿ ಮಗನಿಗೆ ಹೇಳುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ, ಖಗೋಳಶಾಸ್ತ್ರವನ್ನೂ ಹೇಳುತ್ತಿಲ್ಲ. ಸೂರ್ಯ ಚಲಿಸುವುದಿಲ್ಲ ಎಂದು ಕಲಿಸುವ ನಾವೂ ಸೂರ್ಯೋದಯ ಎನ್ನುತ್ತೇವೆ. ಈ ಮಾತಿನಿಂದ ಚರ್ಚೆ ಆರಂಭಿಸಿ, ಮಾತಿನ ಉದ್ದೇಶ ಯಾವುದು, ವೀಕ್ಷಣೆಯ ಪ್ರಮಾಣ ಯಾವುದು ಎಂದು ಮಕ್ಕಳಿಂದಲೇ ಬಿಡಿಸಿ ಹೇಳಿಸಿ. ಆದರೆ ಪ್ರಮಾಣದ ವಿಷಯದಲ್ಲಿ ಸಡಿಲ ಬೇಡ: ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದು ಯಾರ ಮನಸ್ಸು ನೋಯದಿರಲೆಂದೂ ಬದಲಾಗುವ ಸಂಗತಿಯಲ್ಲ. ಗ್ರಂಥದಲ್ಲಿ ವಿಜ್ಞಾನದ ಸೂತ್ರಗಳು ಮೊದಲೇ ಇದ್ದವು ಎಂದು ಸಾಧಿಸಲು ಹೋಗುವುದೂ ಬೇಡ. ಗೆಲಿಲಿಯೋನ ದಾರಿ ಅದಲ್ಲ.

ಪಾಠಯೋಜನೆಯಲ್ಲಿ ಎರಡು ಚಟುವಟಿಕೆ ಸಾಕು. ಕತ್ತಲೆ ಮಾಡಿದ ಕೋಣೆಯಲ್ಲಿ ದೀಪದ ಸುತ್ತ ಚೆಂಡು ಹಿಡಿದು ನಡೆಸಿ ಶುಕ್ರನ ಕಲೆಗಳನ್ನು ತೋರಿಸಬಹುದು. ಗುರುವಿನ ಚಂದ್ರರು ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುವ ಚಿತ್ರಗಳನ್ನು ಹಲಗೆಯ ಮೇಲೆ ಬರೆದು, ಇದರಿಂದ ಏನು ತಿಳಿಯುತ್ತದೆ ಎಂದು ಕೇಳಬಹುದು. ಮೌಲ್ಯಮಾಪನಕ್ಕೆ ಮೊದಲು ಐದು ನಿಮಿಷವನ್ನು ಮಕ್ಕಳ ಪ್ರಶ್ನೆಗಳಿಗೆಂದೇ ಬಿಡಿ. ನಿಮ್ಮ ವೀಕ್ಷಣಾ ಪತ್ರಿಕೆಯಲ್ಲಿ ನಾನು ಮೊದಲು ನೋಡುವುದು ಆ ಐದು ನಿಮಿಷವನ್ನೇ.