ಶಂಕ್ರಣ್ಣ, ಮಾಲ್ಗುಡಿಯ ಬೀದಿ ಮತ್ತು 70ರ ಲಿಮಿಟ್

ನವೆಂಬರ್ ಬಂತು ಅಂದ್ರೆ ರಾಜ್ಯೋತ್ಸವದ ಜೊತೆಗೇ ಶಂಕರ್ ನಾಗ್ ಸ್ಟೇಟಸ್‌ಗಳೂ ಶುರುವಾಗ್ತವೆ. ಅವರು ಬದುಕಿದ್ದಾಗ ನಾವ್ಯಾರೂ ಹುಟ್ಟಿರಲಿಲ್ಲ. ಆದ್ರೂ ನಾವು ಹತ್ತೋ ಆಟೋದ ಹಿಂದೆ ಅವರ ಫೋಟೋ ಇದ್ದೇ ಇರುತ್ತೆ. ಅವರ ಬಗ್ಗೆ ಬರೆಯೋರೆಲ್ಲ ಅವರ ಸ್ಪೀಡನ್ನೇ ಹೊಗಳ್ತಾರೆ: ಸುಮಾರು 12 ವರ್ಷ, 80ಕ್ಕೂ ಹೆಚ್ಚು ಸಿನಿಮಾ. ನಾವು ಈ ಸಲ ಅವರ ಬದುಕಿನಲ್ಲಿ ಬಂದುಹೋಗುವ ರಸ್ತೆಗಳ ಬಗ್ಗೆ ಬರೆಯೋಣ ಅಂದುಕೊಂಡೆವು.

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9, ಹೊನ್ನಾವರದ ಕಡೆ. ಮುಂದೆ ಮುಂಬೈ, ಅಲ್ಲಿ ಮರಾಠಿ ರಂಗಭೂಮಿ. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ಕನ್ನಡಕ್ಕೆ ಬಂದರು. ಮೊದಲ ಚಿತ್ರಕ್ಕೇ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ! 1980ರಲ್ಲಿ ಮೊದಲ ಬಾರಿ ನಿರ್ದೇಶಿಸಿದ 'ಮಿಂಚಿನ ಓಟ' ಕಾರು ಕಳ್ಳರ ಕಥೆ. ಅದೇ ವರ್ಷ 'ಆಟೋ ರಾಜ' ಬಂತು. ಅವತ್ತಿನಿಂದ ಆಟೋದವರು ಅವರನ್ನ ಬಿಟ್ಟುಕೊಟ್ಟಿಲ್ಲ.

ಆದ್ರೆ ನಮ್ಮ ವಯಸ್ಸಿನವರು ಜಾಸ್ತಿ ನೋಡಿರದ ಚಿತ್ರ ಒಂದಿದೆ, 'ಆಕ್ಸಿಡೆಂಟ್'. ಹಾಡೇ ಇಲ್ಲದ ಸಿನಿಮಾ. ಕುಡಿದು ಕಾರು ಓಡಿಸಿದ ರಾಜಕಾರಣಿಯ ಮಗ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹರಿಸಿಬಿಡ್ತಾನೆ. ಆ ರಾಜಕಾರಣಿ ಅಣ್ಣ ಅನಂತ್ ನಾಗ್, ಸತ್ಯ ಹುಡುಕುವ ಪತ್ರಕರ್ತ ಸ್ವತಃ ಶಂಕರ್. ಸಾಮಾಜಿಕ ವಿಷಯದ ಚಿತ್ರ ಅಂತ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇದು ಯಾವುದೋ ಹೈವೇಯ ಕಥೆ ಅಲ್ಲ. ಜನ ಮಲಗೋ, ಬದುಕೋ ಬೀದಿಗೆ ಕಾರು ನುಗ್ಗಿದ ಕಥೆ. ಸುಮಾರು 40 ವರ್ಷ ಹಳೇದು, ಆದ್ರೆ ಈಗಿನ ಪೇಪರಿನಲ್ಲೂ ಹೆಸರು ಬದಲಾಗಿ ಇದೇ ಸುದ್ದಿ ಬರ್ತಾ ಇರುತ್ತೆ.

ಇದರ ಬೆನ್ನಿಗೇ ಅವರು ಹೋಗಿದ್ದು ಮಲೆನಾಡಿಗೆ. ಆರ್.ಕೆ. ನಾರಾಯಣ್ ಕಥೆಗಳ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ತೀರ್ಥಹಳ್ಳಿ ತಾಲೂಕಿನ ಆಗುಂಬೆಯೇ ಮಾಲ್ಗುಡಿ ಆಯ್ತು. ರೈಲ್ವೆ ಸ್ಟೇಷನ್‌ಗೆ ಹೊಸನಗರ ತಾಲೂಕಿನ ಅರಸಾಳು. ಆ ಹಳೇ ಸ್ಟೇಷನ್ ಈಗ ಮಾಲ್ಗುಡಿ ಮ್ಯೂಸಿಯಂ. ಧಾರಾವಾಹಿಯನ್ನ ಈಗ ಮತ್ತೆ ನೋಡಿದ್ರೆ ನಮ್ಮ ಕಣ್ಣು ಹೋಗೋದು ಆ ಬೀದಿಯ ಮೇಲೆ. ಮಕ್ಕಳು ರಸ್ತೆ ಮಧ್ಯದಲ್ಲೇ ನಡೀತಾರೆ, ಸೈಕಲ್ ಬರುತ್ತೆ, ಎತ್ತಿನ ಗಾಡಿ ಬರುತ್ತೆ, ಯಾರೂ ಓಡಿ ಬದಿಗೆ ಹೋಗಲ್ಲ. ಕಥೆಯ ಕಾಲ ಬ್ರಿಟಿಷರದ್ದು, ಆಗ ಕಾರುಗಳೇ ಕಡಿಮೆ, ಒಪ್ಪಿದೆವು. ಆದ್ರೂ ಬೀದಿ ಅನ್ನೋದು ಮನೆಯ ಇನ್ನೊಂದು ಕೋಣೆ ಇದ್ದ ಹಾಗೆ ಅನ್ನೋದನ್ನ ಇಷ್ಟು ಚೆನ್ನಾಗಿ ತೋರಿಸಿದ ಬೇರೆ ಧಾರಾವಾಹಿ ನಮಗೆ ಗೊತ್ತಿಲ್ಲ.

ಆ ಬೀದಿ ಈಗ ಹೇಗಿದೆ? ಆಗುಂಬೆಯಲ್ಲಿ ಹಾದುಹೋಗೋದು ತೀರ್ಥಹಳ್ಳಿ–ಉಡುಪಿ ರಾಷ್ಟ್ರೀಯ ಹೆದ್ದಾರಿ. ಅರಸಾಳು ಇರುವ ಹೊಸನಗರ ತಾಲೂಕಿನಲ್ಲೇ ನಿಟ್ಟೂರು ಇದೆ, ನಗರದಿಂದ ಕೊಲ್ಲೂರಿಗೆ ಹೋಗೋ ದಾರಿಯಲ್ಲಿ. ದೇವಸ್ಥಾನಕ್ಕೆ ಹೊರಟ ಗಾಡಿಗಳು ಊರೊಳಗಿಂದಲೇ ಹೋಗ್ತವೆ. ಇಂಥ ಕಡೆ ಬೇರೆ ಬೋರ್ಡ್ ಹಾಕದಿದ್ರೆ ಕಾರಿಗೆ ಕಾನೂನಿನ ಲಿಮಿಟ್ ಎಷ್ಟು ಗೊತ್ತಾ? ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪ್ರಕಾರ ಗಂಟೆಗೆ 70 ಕಿ.ಮೀ. ಬೈಕಿಗೆ 60. ನಗರಸಭೆ ವ್ಯಾಪ್ತಿಯ ರಸ್ತೆಗೂ ಇಷ್ಟೇ. ಮನೆಗಳಿರೋ ಬೀದಿಗೆ ಅಂತ ಬೇರೆ ಸಾಲೇ ಆ ಪಟ್ಟಿಯಲ್ಲಿಲ್ಲ.

ನಾವು ಇಂಜಿನಿಯರಿಂಗ್‌ನವರು, ಹಾಗಾಗಿ ಲೆಕ್ಕ ಹಾಕಿಯೇಬಿಟ್ಟೆವು. ಡ್ರೈವರ್ ನೋಡಿ ಬ್ರೇಕ್ ಒತ್ತೋಕೆ 1.5 ಸೆಕೆಂಡ್, ಒಣ ರಸ್ತೆಯ ಘರ್ಷಣಾ ಗುಣಾಂಕ 0.7 ಅಂತ ಇಟ್ಟುಕೊಳ್ಳಿ. 30ರಲ್ಲಿ ಬರೋ ಕಾರು ಸುಮಾರು 17.5 ಮೀಟರ್‌ಗೆ ಪೂರ್ತಿ ನಿಲ್ಲುತ್ತೆ. 70ರ ಕಾರು ಬ್ರೇಕ್ ಒತ್ತೋಕೆ ಮುಂಚೆಯೇ 29 ಮೀಟರ್ ಹೋಗಿರುತ್ತೆ, ನಿಲ್ಲೋದು ಸುಮಾರು 57 ಮೀಟರ್‌ಗೆ. ಅಂದ್ರೆ 20 ಮೀಟರ್ ಮುಂದೆ ಒಂದು ಮಗು ರಸ್ತೆಗೆ ಬಂದ್ರೆ, 30ರ ಕಾರು ಅದರ ಮುಂದೆ ನಿಂತಿರುತ್ತೆ, 70ರದ್ದು ಸ್ವಲ್ಪವೂ ಸ್ಲೋ ಆಗದೆ 70ರಲ್ಲೇ ಗುದ್ದುತ್ತೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರೋದ್ರಿಂದ ಹೊಡೆತ 5 ಪಟ್ಟಿಗಿಂತ ಜಾಸ್ತಿ. ಇನ್ನು ಮಲೆನಾಡಿನ ಮಳೆಯಲ್ಲಿ ಆ 0.7 ಅರ್ಧಕ್ಕೆ ಇಳಿದ್ರೆ 70ರ ಕಾರಿಗೆ ಬೇಕಾಗೋದು ಸುಮಾರು 84 ಮೀಟರ್.

ಶಂಕರ್ ಸತ್ತಿದ್ದೂ ರಸ್ತೆಯಲ್ಲೇ. 1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರದ ಶೂಟಿಂಗ್‌ಗೆ ಹೋಗ್ತಿದ್ದಾಗ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರಿಗೂ ಲಾರಿಗೂ ಅಪಘಾತ ಆಯ್ತು. ಜೊತೆಗಿದ್ದ ಹೆಂಡತಿ ಅರುಂಧತಿ ಮತ್ತು ಮಗಳು ಉಳಿದುಕೊಂಡರು. ಶಂಕರ್‌ಗೆ ಇನ್ನೂ 36 ತುಂಬಿರಲಿಲ್ಲ. ಅದು ಹೆದ್ದಾರಿ, ಮನೆ ಬೀದಿಗೆ 30ರ ಲಿಮಿಟ್ ಇದ್ದಿದ್ರೂ ಅವರು ಉಳೀತಿರಲಿಲ್ಲ. ಅವರ ಸಾವನ್ನ ನಮ್ಮ ವಾದಕ್ಕೆ ಎಳೆಯೋದು ಸರಿಯಲ್ಲ. ಅವರ ಬದುಕನ್ನ ಎಳೆಯಬಹುದು ಅನ್ನಿಸುತ್ತೆ, ಯಾಕಂದ್ರೆ 'ಆಕ್ಸಿಡೆಂಟ್' ಮಾಡಿದವರು ಅವರೇ, ಆ ಮಾಲ್ಗುಡಿ ಬೀದಿ ತೋರಿಸಿದವರೂ ಅವರೇ.

ಅವರು ಹೋದ ಮೇಲೆ ಅವರ ಕೆಲವು ಕನಸುಗಳು ನಿಧಾನವಾಗಿ ನಿಜ ಆದವು. ಅರುಂಧತಿ ನಾಗ್ 2004ರಲ್ಲಿ ಬೆಂಗಳೂರಿನಲ್ಲಿ ರಂಗಶಂಕರ ಕಟ್ಟಿದರು. ಶಂಕರ್ 80ರ ದಶಕದಲ್ಲೇ ಬೇಕು ಅಂತಿದ್ದ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಓಡಿತು. ಆನಗೋಡಿನ ಹೆದ್ದಾರಿ ಅಗಲವಾಗಿ ಮಧ್ಯೆ ಡಿವೈಡರ್ ಬಂತು. ಹೆದ್ದಾರಿಗೆ ಕೋಟಿಗಟ್ಟಲೆ ದುಡ್ಡು ಬೇಕು. ಊರ ಬೀದಿಗೆ ಬೇಕಾಗಿರೋದು ಒಂದು ನಂಬರ್ ಬದಲಾವಣೆ, ಜೊತೆಗೆ ಒಂದೆರಡು ಸರಿಯಾದ ಹಂಪ್ (ನಮ್ಮೂರಿನ ಬೆನ್ನು ಮುರಿಯೋ ಹಂಪ್ ಅಲ್ಲ). ಸ್ಪೇನ್ 2021ರಲ್ಲಿ ಊರೊಳಗೆ ಎರಡೂ ಕಡೆಗೆ ಒಂದೊಂದೇ ಲೇನ್ ಇರೋ ರಸ್ತೆಗಳಿಗೆ 30 ಮಾಡಿತು. ವೇಲ್ಸ್ 2023ರ ಸೆಪ್ಟೆಂಬರ್‌ನಲ್ಲಿ ಮನೆಗಳಿರೋ ರಸ್ತೆಗಳ ಡೀಫಾಲ್ಟನ್ನೇ 20 ಮೈಲಿಗೆ, ಅಂದ್ರೆ ಸುಮಾರು 32 ಕಿ.ಮೀ.ಗೆ ಇಳಿಸಿತು. ಅಲ್ಲೂ ಜನ ಬೈದರು, ಲಕ್ಷಗಟ್ಟಲೆ ಸಹಿ ಹಾಕಿ ವಿರೋಧಿಸಿದರು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ, ಜನರ ಸುರಕ್ಷತೆಗಾಗಿ ಯಾವುದೇ ಪ್ರದೇಶದಲ್ಲಿ ಲಿಮಿಟ್ ಇಳಿಸೋ ಅಧಿಕಾರ ರಾಜ್ಯ ಸರ್ಕಾರಕ್ಕೆ ಈಗಾಗಲೇ ಇದೆ. ಆಗುಂಬೆಗೋ ನಿಟ್ಟೂರಿಗೋ 30ರ ಬೋರ್ಡ್ ಬರಬೇಕಾದ್ರೆ ಹೊಸ ಕಾನೂನು ಬೇಕಿಲ್ಲ, ಬೆಂಗಳೂರಿನಿಂದ ಒಂದು ಆದೇಶ ಸಾಕು.