ಫೆಬ್ರವರಿ 3ರ ಆ ರಾತ್ರಿಗೆ ಮುನ್ನ: ಬಡ್ಡಿ ಹಾಲಿಯ 22 ವರ್ಷಗಳು

ರಾಕ್ ಅಂಡ್ ರೋಲ್ ಸಂಗೀತಕ್ಕೊಂದು ಪಂಚಾಂಗವಿದ್ದರೆ ಅದರಲ್ಲಿ ಫೆಬ್ರವರಿ 3 ತಿಥಿಯ ದಿನ. 1959ರ ಆ ದಿನ ನಡುರಾತ್ರಿ ಕಳೆದು ಒಂದು ಗಂಟೆಯ ಹೊತ್ತಿಗೆ ಅಮೆರಿಕದ ಅಯೋವಾ ರಾಜ್ಯದಲ್ಲಿ, ಹಿಮ ಮುಚ್ಚಿದ ಹೊಲವೊಂದಕ್ಕೆ ನಾಲ್ಕು ಆಸನಗಳ ಪುಟ್ಟ ವಿಮಾನವೊಂದು ಅಪ್ಪಳಿಸಿತು. ಅದರಲ್ಲಿದ್ದ ಮೂವರು ಗಾಯಕರೂ ಚಾಲಕನೂ ಉಳಿಯಲಿಲ್ಲ. ಗಾಯಕರ ಪೈಕಿ ಹಿರಿಯ, 'ಬಿಗ್ ಬಾಪರ್' ಎಂದೇ ಹೆಸರಾದ ಜೆ.ಪಿ. ರಿಚರ್ಡ್‌ಸನ್. ಆತನಿಗೆ 28 ವರ್ಷ. ಕಿರಿಯ ರಿಚಿ ವ್ಯಾಲೆನ್ಸ್, ಇನ್ನೂ 17ರ ಹುಡುಗ. ಮೂರನೆಯವನೇ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕದ ಬಡ್ಡಿ ಹಾಲಿ. ವಯಸ್ಸು 22.

ಹನ್ನೆರಡು ವರ್ಷಗಳ ತರುವಾಯ, 1971ರಲ್ಲಿ, ಡಾನ್ ಮೆಕ್ಲೀನ್ ಎಂಬ ಗಾಯಕ 'ಅಮೆರಿಕನ್ ಪೈ' ಹಾಡಿನಲ್ಲಿ ಸಂಗೀತವೇ ಅಂದು ಸತ್ತಿತೆಂದು ಶೋಕಿಸಿದ. ಅಂದಿನಿಂದ ಆ ದಿನಕ್ಕೆ ಅದೇ ಹೆಸರು ನಿಂತುಹೋಯಿತು. ಹಾಡು ಬೆಳೆದಷ್ಟೂ ಸತ್ತವನ ಬದುಕು ಚಿಕ್ಕದಾಗುತ್ತ ಬಂತು. ಹಾಲಿ ಎಂದೊಡನೆ ವಿಮಾನ, ಹಿಮ, ಸಾವು ಇಷ್ಟೇ ನೆನಪಾಗುವಂತಾಯಿತು. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅಮೆರಿಕ ಮತ್ತು ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿದ ಹಾಡನ್ನು ಕೊಟ್ಟವನು, ಐದು ತಿಂಗಳ ಹಿಂದಷ್ಟೇ ಮದುವೆಯಾದವನು, ಗರ್ಭಿಣಿ ಪತ್ನಿಯನ್ನು ಮನೆಯಲ್ಲಿ ಬಿಟ್ಟು ಕಡುಚಳಿಯ ಜನವರಿಯಲ್ಲಿ ಮುರುಕು ಬಸ್ಸೊಂದರಲ್ಲಿ ಊರೂರು ಅಲೆಯಲು ಏಕೆ ಹೊರಟ?

ಉತ್ತರ ಸರಳ. ಕೈಯಲ್ಲಿ ಕಾಸಿರಲಿಲ್ಲ.

ಚಾರ್ಲ್ಸ್ ಹಾರ್ಡಿನ್ ಹಾಲಿ ಹುಟ್ಟಿದ್ದು 1936ರ ಸೆಪ್ಟೆಂಬರ್ 7ರಂದು, ಟೆಕ್ಸಾಸ್ ರಾಜ್ಯದ ಲಬಕ್ ಎಂಬಲ್ಲಿ. ಹತ್ತಿ ಬೆಳೆಯುವ, ಧೂಳಿನ ಗಾಳಿ ಬೀಸುವ ಬಯಲುಸೀಮೆಯ ಊರು. ಬ್ಯಾಪ್ಟಿಸ್ಟ್ ಪಂಥದ ದೈವಭಕ್ತ ಕುಟುಂಬ. ನಾಲ್ವರು ಮಕ್ಕಳಲ್ಲಿ ಈತನೇ ಕೊನೆಯವನಾದ್ದರಿಂದ ಮನೆಯವರು ಮುದ್ದಿನಿಂದ ಬಡ್ಡಿ ಎಂದರು. ಮನೆಯಲ್ಲಿ ಹಣಕ್ಕಿಂತ ಹಾಡು ಹೆಚ್ಚಿತ್ತು. ಐದನೇ ವಯಸ್ಸಿಗೆ ಅಣ್ಣಂದಿರೊಡನೆ ಪಿಟೀಲು ಹಿಡಿದು ಸ್ಪರ್ಧೆಯೊಂದರಲ್ಲಿ ವೇದಿಕೆ ಏರಿದ. ಬಾಲಕನಿಗೆ ನುಡಿಸಲು ಬಾರದೆಂದು ಬಲ್ಲ ಅಣ್ಣ ಲ್ಯಾರಿ, ಸದ್ದೇ ಹೊರಡದಂತೆ ಕಮಾನಿಗೆ ಜಿಡ್ಡು ಬಳಿದಿದ್ದನಂತೆ. ಆದರೂ ಬಹುಮಾನ ಬಂತು!

ಹದಿಹರೆಯಕ್ಕೆ ಬರುವಷ್ಟರಲ್ಲಿ ಗಿಟಾರು, ಬ್ಯಾಂಜೋ, ಮ್ಯಾಂಡೊಲಿನ್ ಕೈಗೆ ಹತ್ತಿದ್ದವು. ಶಾಲೆಯ ಗೆಳೆಯ ಬಾಬ್ ಮಾಂಟ್‌ಗೊಮರಿಯೊಂದಿಗೆ ಊರಿನ ಬಾನುಲಿ ಕೇಂದ್ರದಲ್ಲಿ ಭಾನುವಾರಗಳಂದು ಹಾಡತೊಡಗಿದ. ಹಗಲು ಗ್ರಾಮೀಣ ಬಿಳಿಯರ ಕಂಟ್ರಿ ಸಂಗೀತ. ರಾತ್ರಿ ದೂರದ ಕೇಂದ್ರಗಳಿಂದ ತೇಲಿಬರುತ್ತಿದ್ದ ಕಪ್ಪುವರ್ಣೀಯರ ರಿದಮ್ ಅಂಡ್ ಬ್ಲೂಸ್. ವರ್ಣಭೇದ ಕಟ್ಟುನಿಟ್ಟಾಗಿದ್ದ ಆ ನಾಡಿನಲ್ಲಿ ಇವೆರಡೂ ಕೂಡುತ್ತಿದ್ದುದು ಕಿವಿಯಲ್ಲಿ ಮಾತ್ರ. 1955ರಲ್ಲಿ ಎಲ್ವಿಸ್ ಪ್ರೀಸ್ಲಿ ಲಬಕ್‌ಗೆ ಬಂದು ಹಾಡಿದಾಗ, ಅವೆರಡನ್ನೂ ಒಂದೇ ಗಂಟಲಿನಲ್ಲಿ ಕೂಡಿಸಬಹುದೆಂಬುದನ್ನು ಹಾಲಿ ಕಣ್ಣಾರೆ ಕಂಡ. ಅಣ್ಣ ಲ್ಯಾರಿಯಿಂದ ಸಾಲ ಪಡೆದು ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರು ಕೊಂಡ.

1956ರಲ್ಲಿ ಡೆಕ್ಕಾ ಕಂಪನಿಯ ಒಪ್ಪಂದ ದೊರೆಯಿತು. ಕಾಗದದಲ್ಲಿ ಆತನ ಕುಲನಾಮದ ಇಂಗ್ಲಿಷ್ ಕಾಗುಣಿತದಿಂದ 'ಇ' ಅಕ್ಷರವೊಂದು ಬಿಟ್ಟುಹೋಗಿತ್ತು. ಹಾಲಿ ಅದನ್ನು ತಿದ್ದಿಸಲಿಲ್ಲ, ಹಾಗೆಯೇ ಇಟ್ಟುಕೊಂಡ. ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಮಾತ್ರ ಏನೂ ಕೂಡಿಬರಲಿಲ್ಲ. ಹೇಗೆ ಹಾಡಬೇಕು, ಯಾರು ನುಡಿಸಬೇಕು ಎಂಬುದನ್ನೆಲ್ಲ ಅಲ್ಲಿನವರೇ ತೀರ್ಮಾನಿಸುತ್ತಿದ್ದರು. ಜಾನ್ ವೇನ್‌ನ 'ದಿ ಸರ್ಚರ್ಸ್' ಚಿತ್ರ ನೋಡಿ ಬಂದು, ಅದರ ನಾಯಕ ಮತ್ತೆ ಮತ್ತೆ ಆಡುವ ಮಾತೊಂದರಿಂದ ಹೊಸೆದ 'ದಟಲ್ ಬಿ ದ ಡೇ' ಹಾಡನ್ನೂ ಅಲ್ಲಿ ಮುದ್ರಿಸಿದ. ಕಂಪನಿ ಅದನ್ನು ಕಪಾಟಿನಲ್ಲಿಟ್ಟು ಮರೆಯಿತು. ವರ್ಷ ತುಂಬುವಷ್ಟರಲ್ಲಿ ಒಪ್ಪಂದವೂ ಮುಗಿಯಿತು.

ಹಾಲಿಯ ನಿಜವಾದ ಕತೆ ಆರಂಭವಾಗುವುದು ಇಲ್ಲಿಂದ. ಲಬಕ್‌ನಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿ, ನ್ಯೂ ಮೆಕ್ಸಿಕೊ ರಾಜ್ಯದ ಕ್ಲೋವಿಸ್ ಎಂಬ ಸಣ್ಣ ಊರಿನಲ್ಲಿ ನಾರ್ಮನ್ ಪೆಟಿ ಎಂಬಾತ ಸ್ವಂತ ಸ್ಟುಡಿಯೋ ನಡೆಸುತ್ತಿದ್ದ. ಬೇರೆಡೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಯಾದರೆ ಈತನದು ಹಾಡಿನ ಲೆಕ್ಕ. ಗಡಿಯಾರದ ಹೆದರಿಕೆ ಇಲ್ಲ, ರಾತ್ರಿಯಿಡೀ ಒಂದೇ ಹಾಡನ್ನು ತಿದ್ದುತ್ತ ಕೂರಬಹುದು. ಹಾಲಿಗೆ ಬೇಕಾಗಿದ್ದುದು ಅದೇ. 1957ರ ಫೆಬ್ರವರಿಯ ಕೊನೆಯಲ್ಲಿ ಕಪಾಟು ಸೇರಿದ್ದ ಹಾಡನ್ನು ಗೆಳೆಯರೊಡನೆ ಮತ್ತೊಮ್ಮೆ, ಈ ಬಾರಿ ತನ್ನಿಚ್ಛೆಯಂತೆ ಹಾಡಿದ. ಡೆಕ್ಕಾ ಒಪ್ಪಂದದ ಪ್ರಕಾರ ಅದನ್ನು ಮರುಮುದ್ರಿಸುವಂತಿರಲಿಲ್ಲವಾದ್ದರಿಂದ ತನ್ನ ಹೆಸರನ್ನು ಮರೆಮಾಚಿ, ತಂಡಕ್ಕೆ 'ದಿ ಕ್ರಿಕೆಟ್ಸ್' ಎಂದು ನಾಮಕರಣ ಮಾಡಿದ. (ನಮ್ಮವರ ಪ್ರಾಣವಾದ ಆಟವಲ್ಲ, ರಾತ್ರಿ ಚಿರ್ರೆನ್ನುವ ಜೀರುಂಡೆ.) ಮೇ ತಿಂಗಳಲ್ಲಿ ಹಾಡನ್ನು ಹೊರತಂದ ಬ್ರನ್ಸ್‌ವಿಕ್ ಕಂಪನಿಯೂ ಡೆಕ್ಕಾದ್ದೇ ಅಂಗಸಂಸ್ಥೆ ಎಂಬುದು ತಮಾಷೆ. ತಾನೇ ತಿರಸ್ಕರಿಸಿದ ಹಾಡನ್ನು ಕಂಪನಿ ಹಿಂಬಾಗಿಲಿನಿಂದ ಕೊಂಡಂತಾಯಿತು. ಸೆಪ್ಟೆಂಬರ್‌ನಲ್ಲಿ ಅದು ಅಮೆರಿಕದಲ್ಲಿ, ನವೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೇರಿತು.

ಕ್ಲೋವಿಸ್‌ನ ಆ ರಾತ್ರಿಗಳಲ್ಲಿ ನಡೆದದ್ದನ್ನು ಪ್ರಯೋಗಶಾಲೆಯ ಕೆಲಸವೆನ್ನಬಹುದು. 'ಎವ್ರಿಡೇ' ಹಾಡಿಗೆ ಡ್ರಮ್ಮಿನ ಸದ್ದು ಭಾರವೆನಿಸಿತು. ವಾದಕ ಜೆರ್ರಿ ಆಲಿಸನ್ ತನ್ನ ತೊಡೆಯನ್ನೇ ತಟ್ಟುತ್ತ ಲಯ ಕೊಟ್ಟ. ಪೆಟಿಯ ಪತ್ನಿ ವೈ ಸೆಲೆಸ್ಟಾ ವಾದ್ಯದ ಮೇಲೆ ಗೆಜ್ಜೆಯಂಥ ಸ್ವರಗಳನ್ನು ನುಡಿಸಿದಳು. 'ನಾಟ್ ಫೇಡ್ ಅವೇ' ಹಾಡಿಗೆ ರಟ್ಟಿನ ಪೆಟ್ಟಿಗೆಯೇ ತಾಳವಾದ್ಯ. 'ವರ್ಡ್ಸ್ ಆಫ್ ಲವ್' ಹಾಡಿನಲ್ಲಿ ಹಾಲಿ ತನ್ನ ದನಿಯ ಮೇಲೆ ತನ್ನದೇ ದನಿಯನ್ನು ಮುದ್ರಿಸಿ ತನ್ನೊಡನೆ ತಾನೇ ಯುಗಳಗೀತೆ ಹಾಡಿದ. ಆಲಿಸನ್‌ನ ಗೆಳತಿಯ ಹೆಸರನ್ನು ಅಮರಗೊಳಿಸಿದ 'ಪೆಗ್ಗಿ ಸೂ' ಹಾಡಿನಲ್ಲಿ ಗಿಟಾರಿನ ಏಕವಾದನ ಬರುವಾಗ ಸ್ವಿಚ್ ಬದಲಿಸಲು ಹಾಲಿಯ ಕೈಗೆ ಪುರುಸೊತ್ತಿಲ್ಲ. ತಂಡದ ಇನ್ನೊಬ್ಬ ಗಿಟಾರುವಾದಕ ನಿಕಿ ಸಲಿವನ್ ಪಕ್ಕದಲ್ಲಿ ಮೊಣಕಾಲೂರಿ ಅದನ್ನು ತಿರುಗಿಸಿದ. ಇದೆಲ್ಲದರ ಮೇಲೆ ಹಾಲಿಯ ಕಂಠ. ಒಂದು ಅಕ್ಷರವನ್ನು ಆರೇಳು ಚೂರಾಗಿ ಒಡೆದು, ಬಿಕ್ಕಳಿಕೆ ಬಂದವನಂತೆ ಎಳೆಯುವ ಆ ಧಾಟಿ ಅಂದು ಯಾರಲ್ಲೂ ಇರಲಿಲ್ಲ. ಹಾಡನ್ನು ತಾನೇ ಕಟ್ಟಿ, ತಾನೇ ಹಾಡಿ, ಗಿಟಾರೂ ನುಡಿಸಿ, ಮುದ್ರಣವನ್ನೂ ನೋಡಿಕೊಳ್ಳುವ ಪರಿಪಾಠ ಈಗ ಸಾಮಾನ್ಯ. 1957ರಲ್ಲಿ ಅದು ಅಪರೂಪ.

ಆದರೆ ಹಾಡುಗಳ ಒಡೆತನದ ಪಟ್ಟಿಯಲ್ಲಿ ಪೆಟಿಯ ಹೆಸರೂ ಸೇರಿತು. ತಂಡದ ವ್ಯವಸ್ಥಾಪಕನೂ ಅವನೇ. ಗಳಿಕೆ ಬಂದು ಬೀಳುತ್ತಿದ್ದುದೂ ಅವನ ಖಾತೆಗೇ. ಹುಡುಗರಿಗೆ ಆಗ ಅದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

1957ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ, ಕಪ್ಪುವರ್ಣೀಯರ ಸಂಗೀತದ ತವರಾದ ಅಪೋಲೋ ರಂಗಮಂದಿರದಲ್ಲಿ ತಂಡ ಹಾಡಿತು. ಡಿಸೆಂಬರ್‌ನಲ್ಲಿ ಎಡ್ ಸಲಿವನ್‌ನ ಪ್ರಖ್ಯಾತ ದೂರದರ್ಶನ ಕಾರ್ಯಕ್ರಮ. ಮರುತಿಂಗಳು ಮತ್ತೆ ಕರೆಬಂದಾಗ ನಿರೂಪಕ ಒಲ್ಲೆನೆಂದ ಹಾಡನ್ನೇ ಹಾಡುವೆನೆಂದು ಹಾಲಿ ಪಟ್ಟು ಹಿಡಿದ, ಹಾಡಿಯೂ ಬಿಟ್ಟ. ಮೃದುಭಾಷಿಯಾದರೂ ಸಂಗೀತದ ವಿಷಯದಲ್ಲಿ ಮಣಿಯುವ ಆಸಾಮಿಯಲ್ಲ.

1958ರ ಮಾರ್ಚ್‌ನಲ್ಲಿ 25 ದಿನಗಳ ಬ್ರಿಟನ್ ಪ್ರವಾಸ ನಡೆಯಿತು. ಆತನ ಬದುಕಿನಲ್ಲಿ ಅದೊಂದು ಸಣ್ಣ ಅಧ್ಯಾಯ, ಸಂಗೀತದ ಚರಿತ್ರೆಗೆ ದೊಡ್ಡದು. ಎಲ್ವಿಸ್‌ನಂತೆ ಸುಂದರನಾಗುವುದು ಎಲ್ಲರಿಗೂ ಸಾಧ್ಯವಿಲ್ಲ. ಕನ್ನಡಕ ಹಾಕಿದ, ಕೃಶಕಾಯದ ಈ ಹುಡುಗನಂತಾಗುವುದು ಮಾತ್ರ ಸಾಧ್ಯವೆಂದು ಅಲ್ಲಿನ ಬಡಾವಣೆಗಳ ಹುಡುಗರಿಗೆ ಅನ್ನಿಸಿತು. ಲಿವರ್‌ಪೂಲ್‌ನ ಪಾಲ್ ಮೆಕಾರ್ಟ್ನಿ ಆತನನ್ನು ದೂರದರ್ಶನದಲ್ಲಿ ಕಣ್ಣಿಟ್ಟು ನೋಡಿದ. ದೃಷ್ಟಿದೋಷವಿದ್ದೂ ಕನ್ನಡಕ ಹಾಕಲು ನಾಚುತ್ತಿದ್ದ ಜಾನ್ ಲೆನನ್‌ಗೆ ಧೈರ್ಯ ಬಂತು. ಅದೇ ವರ್ಷ ಅವರಿಬ್ಬರೂ ಇದ್ದ ತಂಡ ಕೈಯಿಂದ ದುಡ್ಡು ಕೊಟ್ಟು ಮಾಡಿಸಿಕೊಂಡ ಮೊದಲ ಗಾನತಟ್ಟೆಯಲ್ಲಿ ಇದ್ದುದು 'ದಟಲ್ ಬಿ ದ ಡೇ'. ಕೀಟದ ಹೆಸರಿನ 'ಕ್ರಿಕೆಟ್ಸ್' ತಂಡದ ನೆನಪಿನಲ್ಲೇ ಅವರು ಮುಂದೆ 'ಬೀಟಲ್ಸ್' ಆದರು.

ಪ್ರವಾಸದಿಂದ ಮರಳಿದ ಹಾಲಿ ನ್ಯೂಯಾರ್ಕಿನ ಸಂಗೀತ ಪ್ರಕಾಶನ ಸಂಸ್ಥೆಯೊಂದರ ಸ್ವಾಗತ ಮೇಜಿನಲ್ಲಿ ಮರಿಯಾ ಎಲೆನಾ ಸ್ಯಾಂಟಿಯಾಗೊಳನ್ನು ಕಂಡ. ಆಕೆ ಪೋರ್ಟೊ ರಿಕೊ ಮೂಲದವಳು. ಮೊದಲ ಭೋಜನದಲ್ಲೇ ಮದುವೆಯ ಪ್ರಸ್ತಾಪ ಮುಂದಿಟ್ಟ. ಆಗಸ್ಟ್ 15ರಂದು ಲಬಕ್‌ನಲ್ಲಿ ಮದುವೆಯೂ ಆಯಿತು. ದಂಪತಿಗಳು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಮನೆ ಹಿಡಿದರು. ಅಕ್ಟೋಬರ್ 21ರಂದು ತಂತಿವಾದ್ಯಗಳ ಮೇಳದೊಂದಿಗೆ ಹಾಲಿ 'ಟ್ರೂ ಲವ್ ವೇಸ್' ಸೇರಿದಂತೆ ನಾಲ್ಕು ಹಾಡುಗಳನ್ನು ಮುದ್ರಿಸಿದ. ಅವುಗಳಲ್ಲೊಂದನ್ನು, 'ಇಟ್ ಡಸಂಟ್ ಮ್ಯಾಟರ್ ಎನಿಮೋರ್', ಬರೆದುಕೊಟ್ಟವನು 17ರ ಪಾಲ್ ಆಂಕಾ. ರಾಕ್ ಅಂಡ್ ರೋಲ್ ಹುಡುಗನೊಬ್ಬ ಪಿಟೀಲುಗಳ ನಡುವೆ ನಿಂತು ಇಷ್ಟು ನವಿರಾಗಿ ಹಾಡಬಲ್ಲನೆಂದು ಯಾರೂ ಎಣಿಸಿರಲಿಲ್ಲ. ನನ್ನ ಮಟ್ಟಿಗೆ ಆತನ ಶ್ರೇಷ್ಠ ಮುದ್ರಣಗಳು ಅವೇ.

ಅಷ್ಟರಲ್ಲಿ ಪೆಟಿಯೊಡನೆ ಸಂಬಂಧ ಹಳಸಿತ್ತು. ವರ್ಷಾಂತ್ಯದಲ್ಲಿ ಹಾಲಿ ಅವನಿಂದ ಬೇರೆಯಾದ. ತಂಡದ ಗೆಳೆಯರು ಪೆಟಿಯ ಜೊತೆಗೇ ಉಳಿದರು. ಲೆಕ್ಕ ತೀರುವವರೆಗೆ ಹಣ ಕೈಗೆ ಬಾರದೆಂದಾಯಿತು. ಹೆಸರಿನಲ್ಲೇ ಬಡ್ಡಿಯಿದ್ದವನಿಗೆ ಅಸಲೂ ಸಿಗಲಿಲ್ಲ. ಡಿಸೆಂಬರ್-ಜನವರಿಯಲ್ಲಿ ಮನೆಯಲ್ಲೇ ಟೇಪ್‌ರೆಕಾರ್ಡರ್ ಮುಂದೆ ಒಂಟಿಯಾಗಿ ಕುಳಿತು ಹೊಸ ಹಾಡುಗಳನ್ನು ಹಾಡಿಟ್ಟ. ಬಾಡಿಗೆಗೆ ಹಣ ಬೇಕು, ಮಗು ಬರಲಿದೆ. 'ವಿಂಟರ್ ಡಾನ್ಸ್ ಪಾರ್ಟಿ' ಎಂಬ ಪ್ರವಾಸಕ್ಕೆ ಒಪ್ಪಿದ್ದು ಆಗ.

1959ರ ಜನವರಿ 23ರಂದು ಮಿಲ್ವಾಕಿಯಲ್ಲಿ ಆರಂಭ. 24 ದಿನ, 24 ಊರು. ಪಯಣದ ಮಾರ್ಗವನ್ನು ಭೂಪಟ ನೋಡದೆ ಹಾಕಿದಂತಿತ್ತು. ಒಂದು ರಾತ್ರಿ ಉತ್ತರಕ್ಕೆ, ಮರುರಾತ್ರಿ ದಕ್ಷಿಣಕ್ಕೆ, ಮತ್ತೆ ಬಂದ ದಾರಿಗೇ. ಬಸ್ಸುಗಳು ಒಂದರ ಹಿಂದೊಂದು ಕೆಟ್ಟವು, ಒಳಗಿನ ಶಾಖಯಂತ್ರಗಳೂ ಕೈಕೊಟ್ಟವು. ಹೊರಗೆ ಶೂನ್ಯಕ್ಕಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಡ್ರಮ್ ವಾದಕ ಕಾರ್ಲ್ ಬಂಚ್‌ನ ಪಾದಗಳು ಹಿಮಗಡಿತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದ. ಜನವರಿ 31ರಂದು ಡುಲೂತ್ ನಗರದ ಸಭಿಕರ ನಡುವೆ ನಿಂತಿದ್ದ 17ರ ಹುಡುಗನೊಬ್ಬ ಮುಂದೆ ಬಾಬ್ ಡಿಲನ್ ಎನಿಸಿಕೊಂಡ. 2017ರ ತನ್ನ ನೊಬೆಲ್ ಉಪನ್ಯಾಸವನ್ನು ಆತ ಆರಂಭಿಸಿದ್ದು ಹಾಲಿಯ ಸ್ಮರಣೆಯಿಂದಲೇ.

ಫೆಬ್ರವರಿ 2 ಬಿಡುವಿನ ದಿನವಾಗಬೇಕಿತ್ತು. ಕಡೆಗಳಿಗೆಯಲ್ಲಿ ಅಯೋವಾದ ಕ್ಲಿಯರ್ ಲೇಕ್‌ನ ಸರ್ಫ್ ಬಾಲ್‌ರೂಮ್ ಸೇರ್ಪಡೆಯಾಯಿತು. ಮುಂದಿನ ಊರು 365 ಮೈಲಿ ದೂರದ ಮೂರ್‌ಹೆಡ್. ಅದೇ ಬಸ್ಸು, ಅದೇ ಚಳಿ. ಹಾಲಿ ಬೇಸತ್ತಿದ್ದ. ಸಮೀಪದ ಮೇಸನ್ ಸಿಟಿಯಿಂದ ವಿಮಾನ ಬಾಡಿಗೆಗೆ ಹಿಡಿದು ಮೊದಲೇ ಹೋದರೆ ಒಂದಿಷ್ಟು ನಿದ್ದೆ ಮಾಡಬಹುದು, ಕೊಳೆಯಾದ ಬಟ್ಟೆಗಳನ್ನು ಒಗೆಸಬಹುದು ಎಂದು ಲೆಕ್ಕ ಹಾಕಿದ. ತಲೆಗೆ 36 ಡಾಲರ್.

ಉಳಿದೆರಡು ಆಸನಗಳು ಹಾಲಿಯ ವಾದಕರಾದ ವೇಲನ್ ಜೆನಿಂಗ್ಸ್ ಮತ್ತು ಟಾಮಿ ಆಲ್‌ಸಪ್‌ಗೆ ಮೀಸಲಾಗಿದ್ದವು. ಶೀತಜ್ವರದಿಂದ ನರಳುತ್ತಿದ್ದ ರಿಚರ್ಡ್‌ಸನ್‌ಗೆ ಜೆನಿಂಗ್ಸ್ ತನ್ನ ಜಾಗ ಬಿಟ್ಟುಕೊಟ್ಟ. ವ್ಯಾಲೆನ್ಸ್ ಮತ್ತು ಆಲ್‌ಸಪ್ ನಾಣ್ಯ ಚಿಮ್ಮಿದರು. ವ್ಯಾಲೆನ್ಸ್ ಗೆದ್ದ. ನಿನ್ನ ಬಸ್ಸು ಹೆಪ್ಪುಗಟ್ಟಲಿ ಎಂಬರ್ಥದಲ್ಲಿ ಹಾಲಿ ಜೆನಿಂಗ್ಸ್‌ನನ್ನು ಛೇಡಿಸಿದಾಗ, ನಿನ್ನ ವಿಮಾನ ಬೀಳಲಿ ಎಂದು ಆತ ತಿರುಗಿ ಛೇಡಿಸಿದ. ಮುಂದೆ ಕಂಟ್ರಿ ಸಂಗೀತದ ಮೇರು ತಾರೆಯಾದ ಜೆನಿಂಗ್ಸ್‌ನನ್ನು ಆ ಹುಡುಗಾಟದ ಮಾತು ದಶಕಗಳ ಕಾಲ ಕಾಡಿತು.

ರಾತ್ರಿ 12.55ರ ಸುಮಾರಿಗೆ ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನ ಮೇಲೇರಿತು. ಕೆಲವೇ ನಿಮಿಷಗಳಲ್ಲಿ ಅದರ ಹಿಂಬದಿಯ ದೀಪ ಕೆಳಗಿಳಿಯುತ್ತ ಮರೆಯಾಯಿತು. ಬೆಳಗ್ಗೆ ಅವಶೇಷ ಕಂಡಿದ್ದು ಹುಡುಕಲು ಹಾರಿದ ವಿಮಾನದ ಮಾಲೀಕನಿಗೇ. ಚಾಲಕ ರೋಜರ್ ಪೀಟರ್ಸನ್‌ಗೆ 21 ವರ್ಷ. ಉಪಕರಣಗಳನ್ನಷ್ಟೇ ನಂಬಿ ಹಾರುವ ಪರವಾನಗಿ ಆತನಿಗಿರಲಿಲ್ಲ. ಮೋಡ, ಹಿಮ, ಕತ್ತಲೆಯಲ್ಲಿ ಕ್ಷಿತಿಜವೇ ಕಾಣದಾಗ ಬೇಕಾಗುವುದು ಅದೇ ವಿದ್ಯೆ. ಇದರ ಮೇಲೆ, ಆ ವಿಮಾನದಲ್ಲಿದ್ದ ಗೈರೊಸ್ಕೋಪ್ ವಿಮಾನದ ಮೂತಿ ಏರುವುದನ್ನೂ ಇಳಿಯುವುದನ್ನೂ ಆತ ಕಲಿತ ಉಪಕರಣಕ್ಕೆ ತದ್ವಿರುದ್ಧವಾಗಿ ತೋರಿಸುತ್ತಿತ್ತು. ಹವಾಮಾನದ ಎಚ್ಚರಿಕೆಗಳೂ ಆತನಿಗೆ ತಲುಪಿರಲಿಲ್ಲ. ಅದೇ ವರ್ಷ ತನಿಖಾ ಮಂಡಳಿ ಹೇಳಿದ್ದಿಷ್ಟು. ಹೊಲದಲ್ಲಿ ಹಾಲಿಯ ಪಿಸ್ತೂಲು ಸಿಕ್ಕಿದ್ದರಿಂದ ಒಳಗೆ ಗುಂಡು ಹಾರಿತೆಂಬ ವದಂತಿ ಬಹುಕಾಲ ಹಬ್ಬಿತ್ತು. 2007ರಲ್ಲಿ ರಿಚರ್ಡ್‌ಸನ್‌ನ ದೇಹವನ್ನು ಹೊರತೆಗೆದು ಪರೀಕ್ಷಿಸಿದಾಗ ಅದಕ್ಕೂ ತೆರೆ ಬಿತ್ತು.

ಮರಿಯಾ ಎಲೆನಾಗೆ ಪತಿಯ ಸಾವು ತಿಳಿದದ್ದು ದೂರದರ್ಶನದ ಸುದ್ದಿಯಿಂದ. ಆ ಆಘಾತದ ಬೆನ್ನಿಗೇ ಗರ್ಭಪಾತವಾಯಿತು. ಮೂರ್‌ಹೆಡ್‌ನ ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. ಸಂಘಟಕರು ಸ್ಥಳೀಯ ಹುಡುಗರನ್ನು ಹುಡುಕಿ ವೇದಿಕೆಗೆ ಏರಿಸಿದರು. ಅವರಲ್ಲಿ 15ರ ಬಾಬಿ ವೀ ಮುಂದೆ ಸ್ವತಃ ತಾರೆಯಾದ. ಪ್ರವಾಸ ಫೆಬ್ರವರಿ 15ರವರೆಗೂ ನಡೆದೇ ನಡೆಯಿತು.

ಏಪ್ರಿಲ್‌ನಲ್ಲಿ 'ಇಟ್ ಡಸಂಟ್ ಮ್ಯಾಟರ್ ಎನಿಮೋರ್' ಬ್ರಿಟನ್‌ನಲ್ಲಿ ಮೊದಲ ಸ್ಥಾನ ಪಡೆಯಿತು. 1964ರಲ್ಲಿ ರೋಲಿಂಗ್ ಸ್ಟೋನ್ಸ್ 'ನಾಟ್ ಫೇಡ್ ಅವೇ' ಹಾಡಿ ಗೆದ್ದರು. ಹಾಲಿಯ ಹಾಡುಗಳ ಪ್ರಕಾಶನ ಹಕ್ಕನ್ನು 1970ರ ದಶಕದಲ್ಲಿ ಕೊಂಡವನು ಹುಡುಗನಾಗಿದ್ದಾಗ ಆತನನ್ನು ಕಣ್ಣಿಟ್ಟು ನೋಡಿದ್ದ ಅದೇ ಮೆಕಾರ್ಟ್ನಿ. 2015ರಲ್ಲಿ 'ಅಮೆರಿಕನ್ ಪೈ' ಹಾಡಿನ ಹಸ್ತಪ್ರತಿ 12 ಲಕ್ಷ ಡಾಲರ್‌ಗೆ ಹರಾಜಾಯಿತು.

ಅಪಘಾತದಲ್ಲಿ ಸಿಡಿದುಬಿದ್ದ ಕನ್ನಡಕ ಹಿಮ ಕರಗಿದ ಮೇಲೆ ಹೊಲದಲ್ಲಿ ಸಿಕ್ಕಿ, ಕೌಂಟಿ ಕಚೇರಿಯ ಲಕೋಟೆಯೊಂದರಲ್ಲಿ 1980ರವರೆಗೆ ಮರೆತುಹೋಗಿತ್ತು. ಅದೀಗ ಲಬಕ್‌ನ ಬಡ್ಡಿ ಹಾಲಿ ಕೇಂದ್ರದಲ್ಲಿದೆ. ಅದೇ ಊರಿನ ಸ್ಮಶಾನದಲ್ಲಿ ಆತನ ಸಮಾಧಿ ನೆಲಮಟ್ಟದ ಸರಳ ಕಲ್ಲು. ಅದರ ಮೇಲೆ ಗಿಟಾರಿನ ಕೆತ್ತನೆಯಿದೆ, ಹೆತ್ತವರಿಟ್ಟ ಕಾಗುಣಿತದಲ್ಲಿ ಕುಲನಾಮವಿದೆ. ಡೆಕ್ಕಾ ಕಂಪನಿ ಬಿಟ್ಟಿದ್ದ 'ಇ' ಅಕ್ಷರ ಅಲ್ಲಿ ಮತ್ತೆ ಸೇರಿಕೊಂಡಿದೆ.